ಆಟಗಳಿಗೆ ರೂಪಾಯಿ ಬೆಲೆ ಬರೆಯುವವರಿಗೆ, ಕಾಸರಗೋಡಿನಿಂದ

ಮಾನ್ಯರೇ,

ಕಂಪ್ಯೂಟರ್, ಕನ್ಸೋಲ್ ಆಟಗಳನ್ನು ಪ್ರಕಟಿಸಿ, ಬೆಲೆಪಟ್ಟಿಯಲ್ಲಿ ಭಾರತದ ಖಾನೆಗೆ ಒಂದು ಅಂಕಿ ತುಂಬುವ ಎಲ್ಲ ಪ್ರಕಾಶಕರಿಗೂ ಈ ಪತ್ರ. ಬರೆಯುತ್ತಿರುವ ನಾವು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು, ನೆಟ್‌ವರ್ಕ್ ಎಳೆಯುವವರು, ಗೇಮಿಂಗ್ ಸೆಂಟರ್ ನಡೆಸುವವರು. ಕನ್ನಡದಲ್ಲೇ ಬರೆಯಲು ಕಾರಣವಿದೆ. ನಿಮಗೆ ತಲುಪುವ ಮೊದಲು ಇದನ್ನು ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಪ್ಲಸ್ ಟು ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಓದಬೇಕು. ನಡುವೆ ಕೆಲವು ಮಾತು ಅವರಿಗೇ ಹೇಳುವುದಿದೆ.

ನಮ್ಮ ಮಾತು ಇಷ್ಟು: ಇಲ್ಲಿ ಕ್ರ್ಯಾಕ್ ಆಟಗಳು, ಅಂದರೆ ಬೀಗ ಒಡೆದ ಕದ್ದ ಪ್ರತಿಗಳು, ಓಡುತ್ತಿರುವುದು ಪುಕ್ಕಟೆ ಸಿಗುತ್ತವೆ ಎಂಬ ಒಂದೇ ಕಾರಣಕ್ಕಲ್ಲ. ದುಡ್ಡು ಕೊಟ್ಟವನಿಗೆ ನೀವು ಕೊಡುವ ಪ್ರತಿಗಿಂತ ಕದ್ದ ಪ್ರತಿಯೇ ನಮ್ಮ ನೆಟ್ಟಿಗೆ, ನಮ್ಮ ಕರೆಂಟಿಗೆ, ನಮ್ಮ ಹಳೆ ಮೆಷಿನ್ನುಗಳಿಗೆ ಚೆನ್ನಾಗಿ ಹೊಂದುತ್ತದೆ. ಹಾಗಾಗಿ ಬೆಲೆ ಇಳಿಸಿ, ಜೊತೆಗೆ ಸರಕನ್ನೂ ಈ ಊರಿಗೆ ಹೊಂದಿಸಿ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲೇ ಪೈರಸಿ ಬಹುಮಟ್ಟಿಗೆ ಸೇವೆಯ ಸಮಸ್ಯೆ, ಬೆಲೆಯದ್ದಲ್ಲ ಎಂದಿದ್ದರು. ಅದರಲ್ಲಿ ಅರ್ಧವನ್ನು ನಾವು ಒಪ್ಪುತ್ತೇವೆ. ಉಳಿದರ್ಧವನ್ನು ಒಪ್ಪದಿರಲು ಲೆಕ್ಕವೇ ಕಾರಣ.

2020ರ ಆಗಸ್ಟ್‌ನಲ್ಲಿ ಸೋನಿಯ ‘ಹೊರೈಜನ್ ಜೀರೋ ಡಾನ್’ ಪಿಸಿಗೆ ಬಂದಾಗ ಸ್ಟೀಮ್‌ನಲ್ಲಿ ಅಮೆರಿಕದ ಬೆಲೆ 49.99 ಡಾಲರ್, ನಮ್ಮ ಬೆಲೆ 1,099 ರೂಪಾಯಿ. 2022ರ ಜನವರಿಯಲ್ಲಿ ‘ಗಾಡ್ ಆಫ್ ವಾರ್’ ಬಂತು. ಅಮೆರಿಕದಲ್ಲಿ ಅದೇ 49.99 ಡಾಲರ್, ಇಲ್ಲಿ 3,299 ರೂಪಾಯಿ. ಅದೇ ವರ್ಷದ ‘ಸ್ಪೈಡರ್‌ಮ್ಯಾನ್’ 59.99 ಡಾಲರಿಗೆ, ಇಲ್ಲಿ 3,999ಕ್ಕೆ. ಪ್ಲೇಸ್ಟೇಷನ್ 5ರ ಹೊಸ ಆಟಗಳು 4,999ಕ್ಕೆ ಹೋಗಿ ಕೂತವು. ಮೊದಲ ಎರಡು ಆಟಗಳ ನಡುವಿನ ಒಂದೂವರೆ ವರ್ಷದ ಅಂತರದಲ್ಲಿ, ಡಾಲರ್ ಬೆಲೆ ಅಲುಗದೆ ರೂಪಾಯಿ ಬೆಲೆ ಮೂರು ಪಟ್ಟಾಯಿತು. ಅಷ್ಟರಲ್ಲಿ ಇಲ್ಲಿ ಯಾರ ಕೂಲಿಯೂ ಮೂರು ಪಟ್ಟಾಗಲಿಲ್ಲ.

ಕೂಲಿಯ ಲೆಕ್ಕವನ್ನೇ ನೋಡಿ. ರಿಸರ್ವ್ ಬ್ಯಾಂಕಿನ ಅಂಕಿ ಅಂಶಗಳ ಪ್ರಕಾರ 2022–23ರಲ್ಲಿ ಕೇರಳದ ಹಳ್ಳಿಯ ಕಟ್ಟಡ ಕಾರ್ಮಿಕನ ಸರಾಸರಿ ದಿನಗೂಲಿ 852.50 ರೂಪಾಯಿ. ದೇಶದಲ್ಲೇ ಇದು ಅತಿ ಹೆಚ್ಚು. ದೇಶದ ಸರಾಸರಿ 393.30. ಹಾಗಾದರೆ 3,999 ರೂಪಾಯಿಯ ಆಟಕ್ಕೆ ನಮ್ಮ ಕಡೆಯ ಮೇಸ್ತ್ರಿ ಕೆಲಸದವರು ಸುಮಾರು ಐದು ದಿನ ದುಡಿಯಬೇಕು, ದೇಶದ ಸರಾಸರಿ ಕಾರ್ಮಿಕ ಹತ್ತು ದಿನ. ಅದೂ ಕೆಲಸ ಇದ್ದ ದಿನಗಳ ಲೆಕ್ಕ. ಜೂನ್, ಜುಲೈಯಲ್ಲಿ ಮಳೆ ಹಿಡಿದರೆ ಎಷ್ಟು ದಿನ ಕೆಲಸ ಇರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಕೇಂದ್ರ ಸರಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆ ತಳಮಟ್ಟದ ಸಂಬಳದವನಿಗೂ 59.99 ಡಾಲರಿನ ಆಟ ಎಂಟು ಗಂಟೆ ಚಿಲ್ಲರೆಯ ದುಡಿಮೆ, ಅಂದರೆ ಒಂದು ದಿನ.

ಇದಕ್ಕೆ ವಿರುದ್ಧದ ಉದಾಹರಣೆಯೂ ಅದೇ ಅಂಗಡಿಯಲ್ಲಿದೆ. ‘ಸ್ಟಾರ್‌ಡ್ಯೂ ವ್ಯಾಲಿ’ ಅಮೆರಿಕದಲ್ಲಿ 14.99 ಡಾಲರ್. ನೇರ ಪರಿವರ್ತಿಸಿದರೆ 1,200 ರೂಪಾಯಿಗೂ ಮೇಲೆ. ಇಲ್ಲಿ ಅದು ಸಿಗುತ್ತಿದ್ದದ್ದು 480ಕ್ಕೆ, ರಿಯಾಯಿತಿ ಇದ್ದಾಗ ಇನ್ನೂ ಕಡಿಮೆಗೆ. ಇಂಥ ಆಟವನ್ನು ಕ್ರ್ಯಾಕ್ ಮಾಡಿಕೊಡಿ ಎಂದು ಕೇಳಿಕೊಂಡು ಬರುವವರು ಕಡಿಮೆ. ಅರ್ಧ ದಿನದ ಕೂಲಿಗೆ ನೂರಾರು ಗಂಟೆಯ ಆಟ ಸಿಗುವಾಗ ಯಾರೂ ಆಂಟಿವೈರಸ್ ಬಂದ್ ಮಾಡಿಕೊಂಡು ಒದ್ದಾಡುವುದಿಲ್ಲ.

“ಬೆಲೆಗೆ ನಿಮ್ಮ ಸರಕಾರದ ತೆರಿಗೆ ಕಾರಣ” ಎನ್ನಬೇಡಿ. 3,999ರಲ್ಲಿ ಶೇ 18 ಜಿಎಸ್‌ಟಿ ಕಳೆದರೆ 3,389 ಉಳಿಯುತ್ತದೆ. ತೆರಿಗೆ 610 ರೂಪಾಯಿ. ಅದನ್ನು ಪೂರ್ತಿ ಮನ್ನಾ ಮಾಡಿದರೂ ಕೊಳ್ಳದವನು ಕೊಳ್ಳುವುದಿಲ್ಲ. ಆದ್ದರಿಂದಲೇ ಈ ಪತ್ರವನ್ನು ದೆಹಲಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇವೆ. ಮುಂದಿನ ಲೆಕ್ಕವೂ ಇದೆ: ಆ 3,389ರಲ್ಲಿ ಸ್ಟೀಮ್ ತನ್ನ ಮಾಮೂಲು ಶೇ 30 ಹಿಡಿದರೆ ನಿಮ್ಮ ಕೈಗೆ ಸುಮಾರು 2,372 ರೂಪಾಯಿ. ಬೆಲೆಯನ್ನು 1,299ಕ್ಕೆ ಇಳಿಸಿದರೆ ಅದೇ ಕ್ರಮದಲ್ಲಿ ಪ್ರತಿಯೊಂದಕ್ಕೆ ಸುಮಾರು 770. ಒಬ್ಬ ಕೊಳ್ಳುವ ಜಾಗದಲ್ಲಿ ನಾಲ್ವರು ಕೊಂಡರೆ ನೀವು ಲಾಭದಲ್ಲಿದ್ದೀರಿ. ನಾಲ್ಕನೆಯ ಪ್ರತಿ ತಯಾರಿಸಲು ನಿಮಗೆ ಕಾಗದವೂ ಬೇಡ, ಲಾರಿಯೂ ಬೇಡ.

ಆ ಖಾನೆ ತುಂಬುವ ಕೆಲಸ ಹೇಗೆ ನಡೆಯುತ್ತದೆಂದು ಓದುಗರಿಗೆ ಗೊತ್ತಿರಲಿ. ಸ್ಟೀಮ್‌ನಲ್ಲಿ ಪ್ರಕಾಶಕರು ಡಾಲರ್ ಬೆಲೆ ಬರೆದರೆ ಉಳಿದ ಮೂವತ್ತಕ್ಕೂ ಹೆಚ್ಚು ಕರೆನ್ಸಿಗಳಿಗೆ ಸೂಚಿತ ಬೆಲೆ ತಾನಾಗಿ ಬರುತ್ತದೆ. ಬೇಕಾದರೆ ಒಂದೊಂದು ಖಾನೆಯನ್ನೂ ಕೈಯಾರೆ ತಿದ್ದಬಹುದು. 2022ರ ಅಕ್ಟೋಬರ್‌ನಲ್ಲಿ ವಾಲ್ವ್ ಈ ಸೂಚಿತ ಬೆಲೆಗಳನ್ನು ಪರಿಷ್ಕರಿಸಿತು. ವಿನಿಮಯ ದರ ಮಾತ್ರವಲ್ಲದೆ ಕೊಳ್ಳುವ ಶಕ್ತಿ, ಗ್ರಾಹಕ ಬೆಲೆ ಸೂಚ್ಯಂಕಗಳನ್ನೂ ನೋಡಿದ್ದೇವೆ ಎಂದು ಹೇಳಿತು. 59.99 ಡಾಲರಿನ ಹಂತದಲ್ಲಿ ಟರ್ಕಿಯ ಸೂಚಿತ ಬೆಲೆ ಶೇ 454, ಅರ್ಜೆಂಟೀನಾದ್ದು ಶೇ 485 ಏರಿದ್ದು ಆಗಲೇ. ಸೂಚಿತ ಬೆಲೆಯ ಮೇಲೂ ಹತ್ತಿಸಿ ಬರೆಯುವ ದೊಡ್ಡ ಪ್ರಕಾಶಕರಿದ್ದಾರೆ. ಅಂಥವರಿಗೆ ಸೂಚನೆಯ ಯಂತ್ರವನ್ನು ದೂರುವ ಹಕ್ಕಿಲ್ಲ.

ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಟರ್ಕಿ, ಅರ್ಜೆಂಟೀನಾಗಳಲ್ಲಿ ಅಗ್ಗವಾಗಿ ಇಟ್ಟಾಗ ಶ್ರೀಮಂತ ದೇಶದವರು ತಾವು ಅಲ್ಲೇ ಇದ್ದಂತೆ ತೋರಿಸುವ ವಿಪಿಎನ್ ಹಾಕಿ ಅಲ್ಲಿಯ ಖಾತೆ ಮಾಡಿಕೊಂಡು ಕೊಂಡರು. ನೀವು ಬೆಲೆ ಏರಿಸಿದಿರಿ. ಕೊನೆಗೆ 2023ರ ನವೆಂಬರ್ 20ರಿಂದ ಆ ಎರಡೂ ದೇಶಗಳಿಗೆ ಸ್ವಂತ ಕರೆನ್ಸಿಯೇ ಹೋಗಿ ಡಾಲರ್ ಬೆಲೆ ಬಂತು. ಹೊರಗಿನವರು ಮಾಡಿದ್ದಕ್ಕೆ ಅಲ್ಲಿಯ ಹುಡುಗರು ದಂಡ ಕಟ್ಟಿದರು. ಭಾರತದ ಪರಿಸ್ಥಿತಿ ಹಾಗಿಲ್ಲ. ಸ್ಟೀಮ್‌ನಲ್ಲಿ ದೇಶ ಬದಲಿಸಬೇಕಾದರೆ ಆ ದೇಶದ ಪಾವತಿ ವಿಧಾನದಿಂದಲೇ ಒಂದು ಖರೀದಿ ಮುಗಿಸಬೇಕು, ಮೂರು ತಿಂಗಳೊಳಗೆ ಮತ್ತೆ ಬದಲಿಸಲಾಗದು. ಇಲ್ಲಿ ಹೆಚ್ಚಿನವರು ಪಾವತಿಸುವುದು ಯುಪಿಐಯಲ್ಲಿ, ಅದರ ಹಿಂದೆ ಸಾಮಾನ್ಯವಾಗಿ ಭಾರತದ ಬ್ಯಾಂಕ್ ಖಾತೆ ಇರುತ್ತದೆ. ಜರ್ಮನಿಯಲ್ಲಿ ಕೂತವನಿಗೆ ವಿಪಿಎನ್ ಸಿಕ್ಕಷ್ಟು ಸುಲಭವಾಗಿ ಇಲ್ಲಿಯ ಬ್ಯಾಂಕ್ ಖಾತೆ ಸಿಗುವುದಿಲ್ಲ. ಸೋರುವುದೇನಿದ್ದರೂ ಹೊರಗಿನ ಅಂಗಡಿಗಳಿಗೆ ನೀವೇ ಸಗಟಾಗಿ ಕೊಡುವ ಕೀಗಳಲ್ಲಿ, ಅಂದರೆ ಆಟವನ್ನು ಖಾತೆಗೆ ಸೇರಿಸುವ ಕೋಡ್‌ಗಳಲ್ಲಿ. ಅವಕ್ಕೆ ಪ್ರದೇಶದ ನಿರ್ಬಂಧ ಹಾಕಿ. ರೂಪಾಯಿ ಬೆಲೆಗೆ ಯಾಕೆ ಕೈ ಹಾಕುತ್ತೀರಿ?

ಇನ್ನು ಹೊಂದಿಕೆಯ ಮಾತು. ನಮ್ಮ ದೃಷ್ಟಿಯಲ್ಲಿ ಬೆಲೆಗಿಂತ ಹೆಚ್ಚು ಸುಧಾರಿಸಬೇಕಾದದ್ದು ಇಲ್ಲೇ.

ಕೇರಳ ಸರಕಾರದ ಕೆಫೋನ್‌ನಂಥ ಕಡಿಮೆ ದರದ ಫೈಬರ್ ಪ್ಲಾನ್ 20 ಎಂಬಿಪಿಎಸ್‌ನಿಂದ ಶುರುವಾಗುತ್ತದೆ. ಆ ವೇಗದಲ್ಲಿ 100 ಜಿಬಿಯ ಆಟ ಇಳಿಯಲು, ಲೈನು ಒಂದು ಕ್ಷಣವೂ ತಪ್ಪದಿದ್ದರೆ, ಹನ್ನೊಂದು ಗಂಟೆ ಬೇಕು. ಮಳೆಗಾಲದಲ್ಲಿ ಒಂದು ರಬ್ಬರ್ ಮರದ ಗೆಲ್ಲು ಬಿದ್ದರೆ ಕರೆಂಟೂ ಫೈಬರೂ ಒಟ್ಟಿಗೆ ಹೋಗುತ್ತವೆ. ಫೈಬರ್ ಇಲ್ಲದ ಮನೆಗಳಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್. ಅದರಲ್ಲಿ 100 ಜಿಬಿ ಎಂದರೆ ಐವತ್ತು ದಿನ, ಬೇರೆ ಏನನ್ನೂ ನೋಡದೆ. ಕ್ರ್ಯಾಕ್ ಪ್ರತಿ ಈ ಊರಲ್ಲಿ ಗೆದ್ದದ್ದು ಇಲ್ಲಿ. ರೀಪ್ಯಾಕ್ ಮಾಡುವವರು ಆಟವನ್ನು ಒತ್ತಿ ಅರ್ಧಕ್ಕೆ ಇಳಿಸುತ್ತಾರೆ. ಫ್ರೆಂಚ್, ಜಪಾನೀಸ್, ರಷ್ಯನ್ ಧ್ವನಿಯ ಫೈಲುಗಳನ್ನು ಬೇರೆ ಇಟ್ಟು, ಬೇಕಾದವರು ಇಳಿಸಿಕೊಳ್ಳಿ ಎನ್ನುತ್ತಾರೆ. ಒಬ್ಬ ಇಳಿಸಿದರೆ ಹಾರ್ಡ್‌ಡಿಸ್ಕ್‌ನಲ್ಲಿ ಹತ್ತು ಮನೆ ಸುತ್ತುತ್ತದೆ. ಕಳ್ಳನಿಗೆ ಹೊಳೆದದ್ದು ಮಾಲಕನಿಗೆ ಹೊಳೆಯಲಿಲ್ಲವೇ?

ಹೊಳೆದರೆ ಏನಾಗುತ್ತದೆಂಬುದಕ್ಕೆ ‘ಹೆಲ್‌ಡೈವರ್ಸ್ 2’ ಸಾಕ್ಷಿ. ಪಿಸಿಯಲ್ಲಿ ಅದು 154 ಜಿಬಿಯಷ್ಟು ಇತ್ತು. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಬೇಗ ತೆರೆಯಲೆಂದು ಒಂದೇ ಫೈಲನ್ನು ಹಲವು ಕಡೆ ನಕಲು ಮಾಡಿಟ್ಟಿದ್ದರು. 2025ರ ಕೊನೆಗೆ ಆ ನಕಲುಗಳನ್ನು ತೆಗೆದಾಗ ಆಟ ಸುಮಾರು 23 ಜಿಬಿಗೆ ಇಳಿಯಿತು. ಹಾರ್ಡ್‌ಡಿಸ್ಕ್‌ನವರಿಗೆ ಹೆಚ್ಚಾದದ್ದು ಕೆಲವೇ ಸೆಕೆಂಡು ಎಂದು ತಯಾರಕರೇ ಹೇಳಿದರು. ಇಳಿಸುವುದೂ ಅಷ್ಟೇ ಗಾತ್ರವೆಂದು ಹಿಡಿದರೆ, 20 ಎಂಬಿಪಿಎಸ್‌ನಲ್ಲಿ ಹದಿನೇಳು ಗಂಟೆಯ ಡೌನ್‌ಲೋಡ್ ಎರಡೂವರೆ ಗಂಟೆಗೆ ಬಂತು. ಮೊಬೈಲ್ ಡೇಟಾದವನಿಗೆ ಎಪ್ಪತ್ತೇಳು ದಿನದ್ದು ಹನ್ನೆರಡು ದಿನಕ್ಕೆ. ಬೆಲೆಯಲ್ಲಿ ಒಂದು ಪೈಸೆ ಇಳಿಸದೆ ಆದ ಉಪಕಾರ ಇದು.

ಎಲ್ಲ ಆಟದಲ್ಲೂ ಇಷ್ಟು ಕೊಬ್ಬು ಇರಲಿಕ್ಕಿಲ್ಲ. ಮಾಡಬಹುದಾದ ಬೇರೆ ಕೆಲಸಗಳಿವೆ. ಸ್ಟೀಮ್‌ನಲ್ಲಿ ಭಾಷೆಗೊಂದು ಡಿಪೋ (ಫೈಲುಗಳ ಬೇರೆ ಕಟ್ಟು) ಮಾಡುವ ಸೌಲಭ್ಯ ಇದ್ದೇ ಇದೆ, ಧ್ವನಿಗಳನ್ನು ಹಾಗೆ ಬೇರ್ಪಡಿಸಿ. 4ಕೆ ಟೆಕ್ಸ್‌ಚರ್‌ಗಳನ್ನು, ಅಂದರೆ ಅತಿ ಸ್ಪಷ್ಟ ಚಿತ್ರದ ಫೈಲುಗಳನ್ನು, ಉಚಿತ ಡಿಎಲ್‌ಸಿಯಾಗಿ (ಬೇಕಾದವರು ಆಮೇಲೆ ಸೇರಿಸಿಕೊಳ್ಳುವ ಭಾಗವಾಗಿ) ಹೊರಗಿಡಿ. ‘ಫಾಲ್‌ಔಟ್ 4’ 2017ರಲ್ಲೇ 58 ಜಿಬಿಯ ಟೆಕ್ಸ್‌ಚರ್ ಪ್ಯಾಕನ್ನು ಹೀಗೆ ಬೇರೆ ಕೊಟ್ಟಿತ್ತು. 768 ಸಾಲಿನ ಲ್ಯಾಪ್‌ಟಾಪ್ ಪರದೆಯಲ್ಲಿ ಆಡುವವನಿಗೆ ಆ ಭಾರ ಯಾಕೆ? ಅಪ್‌ಡೇಟ್‌ನ ತೊಂದರೆ ಬೇರೆಯೇ. ಇಡೀ ಆಟವನ್ನು 40 ಜಿಬಿಯ ಒಂದೇ ಪ್ಯಾಕ್ ಫೈಲಿನಲ್ಲಿ ತುಂಬಿದ್ದರೆ, 200 ಎಂಬಿಯ ಪ್ಯಾಚ್ ಬಂದಾಗಲೂ ಸ್ಟೀಮ್ ಆ ಇಡೀ ಫೈಲನ್ನು ಹೊಸದಾಗಿ ಬರೆಯಬೇಕು, ಅಷ್ಟು ಹೊತ್ತು ಡಿಸ್ಕ್‌ನಲ್ಲಿ ಇನ್ನೊಂದು 40 ಜಿಬಿ ಖಾಲಿ ಬೇಕು. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಅದು ಇರುವುದಿಲ್ಲ. ಕೆಳಗೆ “ಡಿಸ್ಕ್ ಸ್ಪೇಸ್ ಸಾಲದು” ಎಂದು ಬಂದು ಆಟ ನಿಲ್ಲುತ್ತದೆ, ಹುಡುಗ ಡಿಲೀಟ್ ಮಾಡುತ್ತಾನೆ. ಪ್ಯಾಕ್ ಫೈಲುಗಳನ್ನು ಒಂದೆರಡು ಜಿಬಿ ಮೀರದಂತೆ ಒಡೆದಿಟ್ಟರೆ ಈ ತಾಪತ್ರಯವಿಲ್ಲ.

ಇಲ್ಲಿ ಓದುವವರಿಗೆ ಒಂದು ಉಪಾಯ. 2023ರಿಂದ ಸ್ಟೀಮ್‌ನಲ್ಲಿ ಒಂದೇ ಲ್ಯಾನ್‌ನಲ್ಲಿರುವ, ಅಂದರೆ ಒಂದೇ ರೌಟರಿಗೆ ಸೇರಿದ, ಎರಡು ಕಂಪ್ಯೂಟರುಗಳ ನಡುವೆ ಆಟದ ಫೈಲುಗಳನ್ನು ನೇರ ವರ್ಗಾಯಿಸಬಹುದು. ಎರಡರಲ್ಲೂ ಸ್ಟೀಮ್ ತೆರೆದಿರಲಿ, ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ಗೆ ಹೋಗಿ ಲೋಕಲ್ ನೆಟ್‌ವರ್ಕ್ ವರ್ಗಾವಣೆಯನ್ನು “ಗೆಳೆಯರಿಗೆ” ಎಂದು ಮಾಡಿ, ಇಬ್ಬರೂ ಸ್ಟೀಮ್ ಗೆಳೆಯರಾಗಿರಿ. ಆಮೇಲೆ ಎರಡನೆಯ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಒತ್ತಿದರೆ ಫೈಲುಗಳು ಮೊದಲನೆಯದರಿಂದ ಬರುತ್ತವೆ. ಆಟ ಇಬ್ಬರ ಖಾತೆಯಲ್ಲೂ ಇರಬೇಕು, ಇಂಟರ್‌ನೆಟ್ ಡೇಟಾ ಮಾತ್ರ ಒಬ್ಬರದ್ದೇ ಖರ್ಚು. ವೈಫೈಗಿಂತ ಕೇಬಲ್ ಒಳ್ಳೆಯದು. ಗಿಗಾಬಿಟ್ ಕೇಬಲಿನಲ್ಲಿ 100 ಜಿಬಿ, ಡಿಸ್ಕ್ ವೇಗವಾಗಿದ್ದರೆ, ಇಪ್ಪತ್ತು ನಿಮಿಷದ ಆಸುಪಾಸಿನ ಕೆಲಸ. ಎರಡು ಗಂಟೆಗೂ ಮೀರಿ ಹಿಡಿದರೆ ಲೈನು 100 ಎಂಬಿಪಿಎಸ್‌ಗೆ ಇಳಿದಿದೆ ಎಂದರ್ಥ. ಅಗ್ಗದ ರೌಟರಿನ ಪೋರ್ಟೇ 100ರದ್ದಾಗಿರಬಹುದು, ಇಲ್ಲವೇ ಕೇಬಲಿನ ಎಂಟು ತಂತಿಗಳಲ್ಲಿ ಒಂದು ಕ್ರಿಂಪಿನಲ್ಲಿ ಕೂತಿಲ್ಲ. ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿ.

ಹಾಗೆಯೇ ಸ್ಟೀಮ್ ಫ್ಯಾಮಿಲೀಸ್. ಒಂದೇ ಮನೆಯ ಆರು ಮಂದಿಯವರೆಗೆ ಒಬ್ಬರ ಆಟ ಇನ್ನೊಬ್ಬರು ಆಡಬಹುದು, ಬೇರೆ ಬೇರೆ ಆಟಗಳನ್ನು ಏಕಕಾಲಕ್ಕೂ ಆಡಬಹುದು. ಒಂದೇ ಆಟವನ್ನು ಇಬ್ಬರು ಒಟ್ಟಿಗೆ ಆಡಲು ಎರಡು ಪ್ರತಿ ಬೇಕು. ಕುಟುಂಬದಿಂದ ಒಬ್ಬ ಹೊರಹೋದರೆ ಆ ಜಾಗಕ್ಕೆ ಹೊಸಬರು ಬರಲು ಒಂದು ವರ್ಷ ಕಾಯಬೇಕು. ನಿಮ್ಮ ತಮ್ಮ ನಿಮ್ಮ ಪ್ರತಿಯಲ್ಲಿ ಚೀಟ್ ಹಾಕಿ ಸಿಕ್ಕಿಬಿದ್ದರೆ ಬ್ಯಾನ್ ನಿಮ್ಮ ಖಾತೆಗೂ ಬರುತ್ತದೆ. ತರಗತಿಯ ಗೆಳೆಯರನ್ನೆಲ್ಲ “ಕುಟುಂಬ” ಮಾಡಿಕೊಳ್ಳುವವರು ಈ ಎರಡು ಸಂಗತಿ ತಿಳಿದಿರಬೇಕು. ಆಟ ನಿಮ್ಮ ಮೆಷಿನ್ನಿನಲ್ಲಿ ಓಡುತ್ತದೋ ಇಲ್ಲವೋ ಎಂದು ಕ್ರ್ಯಾಕ್ ಹಾಕಿ ನೋಡುವ ಅಗತ್ಯವಿಲ್ಲ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಶೇಡರ್ (ಆಟದ ಚಿತ್ರ ಮೂಡಿಸುವ ಕೋಡ್) ತಯಾರಾಗುವ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ನಾಲ್ಕು ಕೋರಿನ ಹಳೆ ಪ್ರೊಸೆಸರಿನಲ್ಲಿ ಕೆಲವು ಆಟಗಳು ಅದಕ್ಕೇ ಬಹಳ ಹೊತ್ತು ತಿನ್ನುತ್ತವೆ. ಹಾಗಾಗಿ ಮೊದಲ ಬಾರಿ ತೆರೆಯುವಾಗ ಗಡಿಯಾರ ನೋಡಿಕೊಳ್ಳಿ.

ಪ್ರಕಾಶಕರಿಗೆ ಮತ್ತೆ. ನಿಮ್ಮ ಆಟ ಆಡುವ ಇಲ್ಲಿಯ ಕಂಪ್ಯೂಟರ್ ಹೆಚ್ಚಾಗಿ ಕಚೇರಿಯಲ್ಲಿ ಬಳಸಿ ಬಿಟ್ಟ ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. 2024ರ ಜನವರಿ 1ರಂದು ಸ್ಟೀಮ್ ವಿಂಡೋಸ್ 7, 8ರ ಬೆಂಬಲ ನಿಲ್ಲಿಸಿತು. ಆ ಮೆಷಿನ್ನುಗಳಿಗೆಂದು ಹಣ ಕೊಟ್ಟು ಕೊಂಡ ಹಳೆ ಆಟಗಳಿಗೆ ಮುಂದಿನ ಭರವಸೆ ಇಲ್ಲವಾಯಿತು. ಅದೇ ಆಟದ ಕದ್ದ ಪ್ರತಿ ಅದೇ ಮೆಷಿನ್ನಿನಲ್ಲಿ ಇವತ್ತಿಗೂ ತೆರೆಯುತ್ತದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಸಿದೆ. ನಾಲ್ಕನೇ ತಲೆಮಾರಿನ ಐ5ಗೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ. ಇದೇ ಕಥೆ ಇನ್ನೊಮ್ಮೆ ನಡೆಯುವುದು ಕಾಣುತ್ತಿದೆ. ನಾವು ಕೇಳುವುದು ದೊಡ್ಡದೇನಲ್ಲ: ನಿಮ್ಮ ಹಳೆ ಆಟಗಳಿಂದ ಡಿಆರ್‌ಎಂ (ನಕಲು ತಡೆಯುವ ಬೀಗ) ತೆಗೆದ ಒಂದು ಕೊನೆಯ ಆವೃತ್ತಿ ಕೊಡಿ. ಕ್ರ್ಯಾಕ್ ಆಗಿ ವರ್ಷಗಳಾದ ಆಟಕ್ಕೆ ಇನ್ನೂ ಬೀಗ ಹಾಕಿಟ್ಟರೆ ಅದು ತಡೆಯುವುದು ಕೀಲಿಕೈ ಇದ್ದವನನ್ನು ಮಾತ್ರ.

ಆಫ್‌ಲೈನ್ ವಿಷಯವೂ ಹೀಗೆಯೇ. ಸ್ಟೀಮ್‌ನ ಆಫ್‌ಲೈನ್ ಮೋಡ್ ಕೆಲಸ ಮಾಡುತ್ತದೆ, ಆದರೆ ಮೊದಲು ಆನ್‌ಲೈನ್ ಇದ್ದಾಗಲೇ ಆಟವನ್ನು ಒಮ್ಮೆ ತೆರೆದಿರಬೇಕು, ಲಾಗಿನ್ ಉಳಿಸಿಟ್ಟಿರಬೇಕು. ಅದರ ಮೇಲೆ ನಿಮ್ಮದೇ ಇನ್ನೊಂದು ಲಾಂಚರ್ (ಆಟ ತೆರೆಯುವ ಪ್ರೋಗ್ರಾಂ) ಕೂರಿಸಿದರೆ ಮತ್ತೊಂದು ಲಾಗಿನ್. ಡೆನುವೊ ಎಂಬ ಡಿಆರ್‌ಎಂ ಇದ್ದರೆ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅದು ಹೊಸ ಟೋಕನ್‌ಗಾಗಿ, ಅಂದರೆ ಆಡಲು ಬಿಡುವ ಅನುಮತಿಗಾಗಿ, ಸರ್ವರ್ ಕೇಳಬಹುದು. ಗಾಳಿಮಳೆಗೆ ನೆಟ್ ಹೋಗಿ, ಇನ್ವರ್ಟರಿನಲ್ಲಿ ಲ್ಯಾಪ್‌ಟಾಪ್ ಓಡಿಸುತ್ತಾ ಒಬ್ಬನೇ ಆಡುವ ಆಟ ತೆರೆಯಲು ಕೂತವನಿಗೆ ನಿಮ್ಮ ಸರ್ವರ್ ಎಲ್ಲಿ ಸಿಗುತ್ತದೆ? ಒಬ್ಬನೇ ಆಡುವ ಆಟಗಳಿಂದ ಲಾಂಚರ್ ತೆಗೆಯಿರಿ. ಆಗದಿದ್ದರೆ ಟೋಕನಿನ ಅವಧಿಯನ್ನಾದರೂ ತಿಂಗಳುಗಟ್ಟಲೆ ಇಡಿ.

ಕ್ರ್ಯಾಕ್ ಹಾಕುವ ಮಕ್ಕಳಿಗೂ ಮನೆಯವರಿಗೂ ಈಗ ಹೇಳುತ್ತೇವೆ. ಮೇಲಿನ ದೂರುಗಳೆಲ್ಲ ನಿಜ ಎಂದಮಾತ್ರಕ್ಕೆ ಕದ್ದ ಪ್ರತಿ ಕ್ಷೇಮ ಎಂದು ತಿಳಿಯಬೇಡಿ. 2021ರ ಜೂನ್‌ನಲ್ಲಿ ಆಂಟಿವೈರಸ್ ತಯಾರಿಸುವ ಅವಾಸ್ಟ್ ಸಂಸ್ಥೆ ‘ಕ್ರ್ಯಾಕೊನೋಶ್’ ಎಂಬ ಮಾಲ್‌ವೇರಿನ ವಿವರ ಪ್ರಕಟಿಸಿತು. ‘ಜಿಟಿಎ 5’, ‘ಎನ್‌ಬಿಎ 2ಕೆ19’, ‘ಪ್ರೊ ಇವಲ್ಯೂಷನ್ ಸಾಕರ್ 2018’ ಮೊದಲಾದ ಆಟಗಳ ಕ್ರ್ಯಾಕ್ ಪ್ರತಿಗಳೊಳಗೆ ಅದು ಕೂತಿತ್ತು. ಕಂಪ್ಯೂಟರನ್ನು ಸೇಫ್ ಮೋಡಿಗೆ ಒಯ್ದು, ಅಲ್ಲಿ ಆಂಟಿವೈರಸ್ ಓಡುವುದಿಲ್ಲವಾದ್ದರಿಂದ ಅದನ್ನೇ ಅಳಿಸಿ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ನಿಮ್ಮ ಕರೆಂಟು ಬಿಲ್ಲಿನಲ್ಲಿ ಬೇರೆಯವರಿಗೆ ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ (ಮೈನಿಂಗ್) ಮಾಡುತ್ತಿತ್ತು. ಸೋಂಕು ತಗಲಿದ ಎರಡು ಲಕ್ಷಕ್ಕೂ ಹೆಚ್ಚು ಮೆಷಿನ್ನುಗಳಲ್ಲಿ 13,779 ಭಾರತದವು. 2024ರ ಡಿಸೆಂಬರ್ 31ರಂದು ಇನ್ನೊಂದು ಶುರುವಾಯಿತು. ಕ್ಯಾಸ್ಪರ್ಸ್ಕಿ ಎಂಬ ಇನ್ನೊಂದು ಆಂಟಿವೈರಸ್ ಕಂಪನಿ ವರದಿ ಮಾಡಿದ ಇದರಲ್ಲಿ ‘ಬೀಮ್‌ಎನ್‌ಜಿ ಡ್ರೈವ್’, ‘ಗ್ಯಾರಿಸ್ ಮಾಡ್’ ಆಟಗಳ ಟೊರೆಂಟ್ ಇನ್‌ಸ್ಟಾಲರಿಗೇ ವಿಷ ಹಾಕಿದ್ದರು. ಎಂಟು ಕೋರಿಗಿಂತ ಕಡಿಮೆಯಿದ್ದರೆ ಅದು ಗಣಿಗಾರಿಕೆಗೆ ಇಳಿಯುತ್ತಲೇ ಇರಲಿಲ್ಲ. ಅಪ್ಪ ಸಾಲ ಮಾಡಿ ತೆಗೆಸಿಕೊಟ್ಟ ಹೊಸ ಗೇಮಿಂಗ್ ಪಿಸಿಯೇ ಅದಕ್ಕೆ ಬೇಕಾದದ್ದು.

ಲಕ್ಷಣಗಳು ಹೀಗಿರುತ್ತವೆ. ಏನೂ ತೆರೆಯದೆ ಸುಮ್ಮನೆ ಬಿಟ್ಟಾಗ ಫ್ಯಾನು ಜೋರಾಗಿ ತಿರುಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಶಾಂತವಾಗುತ್ತದೆ. ಗಣಿಗಾರಿಕೆ ಮಾಡುವ ಪ್ರೋಗ್ರಾಂ ಅದನ್ನು ಕಂಡು ಅಡಗುತ್ತದೆ. ವಿಂಡೋಸ್ ಡಿಫೆಂಡರ್ ತೆರೆಯುವುದಿಲ್ಲ, ಅಪ್‌ಡೇಟ್ ಆಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಲಕ್ಷಣವೇ ತೋರಿಸದ ಸ್ಟೀಲರ್. ಅದು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರೆಂದು ನೆನಪಿಡುವ ಗುರುತುಗಳನ್ನೂ) ಎತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಹೊರಟುಹೋಗುತ್ತದೆ. ಕುಕೀ ಕೈಗೆ ಬಂದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇನ್‌ಸ್ಟಾಗ್ರಾಂ, ಜಿಮೇಲ್, ಸ್ಟೀಮ್ ಖಾತೆಗಳು ಹೋಗುವುದು ಹೆಚ್ಚಾಗಿ ಹೀಗೆ. ಕ್ರ್ಯಾಕಿನ ಜೊತೆ ಬರುವ ಸೂಚನೆಯಲ್ಲಿ “ಆಂಟಿವೈರಸ್ ಆಫ್ ಮಾಡಿ, ಈ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸಿ” ಎಂದು ಇರುತ್ತದಲ್ಲ, ಬಾಗಿಲು ತೆರೆದುಕೊಡುವುದು ಅದೇ ಹೆಜ್ಜೆ.

ಸಿಕ್ಕಿಬಿದ್ದಿದ್ದರೆ ಕ್ರಮ ಹೀಗಿರಲಿ. ಮೊದಲು ನೆಟ್ ಕೇಬಲ್ ತೆಗೆಯಿರಿ, ವೈಫೈ ಆಫ್ ಮಾಡಿ. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಬೇಡಿ, ಹೊಸದೂ ಹೋಗುತ್ತದೆ. ಫೋನಿನಿಂದ ಮೊದಲು ಇಮೇಲ್, ನಂತರ ಬ್ಯಾಂಕು, ನಂತರ ಉಳಿದವುಗಳ ಪಾಸ್‌ವರ್ಡ್ ಬದಲಿಸಿ. ಪ್ರತಿಯೊಂದರಲ್ಲೂ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆ ಒತ್ತಿ, ಇಲ್ಲದಿದ್ದರೆ ಕದ್ದ ಕುಕೀ ಜೀವಂತ ಇರುತ್ತದೆ. ಫೋಟೊ, ದಾಖಲೆಗಳನ್ನು ಮಾತ್ರ ನಕಲು ಮಾಡಿಟ್ಟುಕೊಳ್ಳಿ, ಯಾವ ಇನ್‌ಸ್ಟಾಲರ್ ಫೈಲನ್ನೂ ಇಟ್ಟುಕೊಳ್ಳಬೇಡಿ. ಬೇರೆ ಕ್ಷೇಮವಾದ ಮೆಷಿನ್ನಿನಲ್ಲಿ ವಿಂಡೋಸ್ ಪೆನ್‌ಡ್ರೈವ್ ತಯಾರಿಸಿ, ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಅಂಗಡಿಯವರಿಗೆ, ಅಂದರೆ ನಮ್ಮವರಿಗೇ, ಒಂದು ಮಾತು. ಹೊಸ ಪಿಸಿ ಮಾರುವಾಗ “ಹತ್ತು ಆಟ ಫ್ರೀ” ಎಂದು ಹಾಕಿಕೊಡುವುದು, ಗಂಟೆಗಿಷ್ಟು ಎಂದು ಕ್ರ್ಯಾಕ್ ಆಟ ಆಡಿಸುವುದು ನಿಲ್ಲಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೂ ವ್ಯಾಪಾರಕ್ಕೂ ಬಳಸದವನಿಗೆ ಸಜೆ ಬಿಟ್ಟು 50,000 ಮೀರದ ದಂಡ ಮಾತ್ರ ಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ. ಮನೆಯ ಹುಡುಗನಿಗೆ ಆ ವಿನಾಯಿತಿ ಸಿಗಬಹುದು, ಗಂಟೆಗೆ ದುಡ್ಡು ತೆಗೆದುಕೊಂಡ ನಮಗೆ ಸಿಗುವುದಿಲ್ಲ. ಮಾಮೂಲು ಸ್ಟೀಮ್ ಖಾತೆಯಲ್ಲಿ ಕೊಂಡ ಆಟವೂ ಸ್ವಂತ ಬಳಕೆಗೆ ಮಾತ್ರ, ಸೆಂಟರಿನಲ್ಲಿ ಬಾಡಿಗೆಗೆ ಕೊಡುವಂತಿಲ್ಲ. ಅದಕ್ಕೆಂದೇ ಸ್ಟೀಮ್‌ನ ಪಿಸಿ ಕೆಫೆ ಯೋಜನೆ ಇದೆ. ಪ್ರಕಾಶಕರೇ, ಅದರಲ್ಲಿ ವಾಣಿಜ್ಯ ಪರವಾನಗಿಗೆ ನಿಮ್ಮ ಆಟವನ್ನು ಸೇರಿಸಿ, ಭಾರತಕ್ಕೆ ಬೇರೆ ದರ ಇಡಿ. ಐದು ದಿನದ ಕೂಲಿ ಕೊಡಲಾಗದವನು ಗಂಟೆಗೆ ಕೆಲವು ಹತ್ತು ರೂಪಾಯಿ ಕೊಡಬಲ್ಲ.

ಗಲ್ಫ್ ಮನೆಗಳಿಗೆ ಎರಡು ಸಾಲು. ಅಲ್ಲಿಂದ ತಂದ ಪ್ಲೇಸ್ಟೇಷನ್ 5 ಡಿಸ್ಕ್ ಇಲ್ಲಿ ಓಡುತ್ತದೆ, ಆದರೆ ಡಿಎಲ್‌ಸಿ ಡಿಸ್ಕಿನ ಪ್ರದೇಶಕ್ಕೆ ಹೊಂದಬೇಕು. ಅಲ್ಲಿ ತೆರೆದ ಖಾತೆಯ ದೇಶವನ್ನು ಆಮೇಲೆ ಬದಲಿಸಲಾಗದು, ಆದ್ದರಿಂದ ಊರಿಗೆ ಬಂದು ನೆಲೆಸುವವರು ಭಾರತದ ಖಾತೆ ಹೊಸದಾಗಿ ಮಾಡಿಕೊಂಡೇ ಖರೀದಿ ಶುರುಮಾಡಿ. ಆಡಿ ಮುಗಿಸಿದ ಡಿಸ್ಕ್ ಮಾರುವುದು ಪೈರಸಿಯಲ್ಲ. ಬಡವನಿಗೆ ದೊಡ್ಡ ಆಟ ಕೈಗೆಟಕುವ ಹಳೆಯ ದಾರಿ ಅದು. ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಕೊಳ್ಳುವಾಗ ಉಳಿಸಿದ ಹಣಕ್ಕೆ ಆ ದಾರಿ ಮುಚ್ಚಿಕೊಂಡದ್ದನ್ನೂ ಲೆಕ್ಕ ಹಾಕಿ.

ಪ್ರಕಾಶಕರೇ, ನಮ್ಮ ಮಾತನ್ನು ನಂಬಬೇಕೆಂದಿಲ್ಲ, ಪರೀಕ್ಷಿಸಿ. ಎರಡು ಮೂರು ವರ್ಷ ಹಳೆಯದಾದ ಒಂದು ಆಟ ಆರಿಸಿ. ಅದರ ರೂಪಾಯಿ ಮೂಲಬೆಲೆಯನ್ನು ಮೂರನೇ ಒಂದಕ್ಕೆ ಇಳಿಸಿ, ಬೇರೆ ಖಾನೆಗಳನ್ನು ಮುಟ್ಟಬೇಡಿ. ಮೂಲಬೆಲೆ ಇಳಿಸಿದಾಗ ವಿಶ್‌ಲಿಸ್ಟ್‌ನಲ್ಲಿ (ಕೊಳ್ಳಬೇಕೆಂದಿರುವ ಪಟ್ಟಿಯಲ್ಲಿ) ಇಟ್ಟವರಿಗೆ ಸ್ಟೀಮ್ ಇಮೇಲ್ ಕಳಿಸುವುದಿಲ್ಲ, ಶೇ 20 ಅಥವಾ ಹೆಚ್ಚಿನ ರಿಯಾಯಿತಿಗೆ ಮಾತ್ರ ಕಳಿಸುತ್ತದೆ. ಆದ್ದರಿಂದ ಆಟದ ಪುಟದಲ್ಲಿ ನೀವೇ ಒಂದು ಪ್ರಕಟಣೆ ಹಾಕಿ. ಎರಡು ತಿಂಗಳು ಯಾವ ಸೇಲ್‌ಗೂ ಸೇರಿಸದೆ ಬಿಡಿ, ಬೇಸಿಗೆ, ಚಳಿಗಾಲದ ದೊಡ್ಡ ಸೇಲ್‌ಗಳು ನಡುವೆ ಬಾರದಂತೆ ದಿನ ನೋಡಿಕೊಳ್ಳಿ. ಆಮೇಲೆ ದೇಶವಾರು ವರದಿಯಲ್ಲಿ ಹಿಂದಿನ ಎರಡು ತಿಂಗಳ ಜೊತೆ ಮಾರಿದ ಪ್ರತಿ, ಹಿಂದಿರುಗಿಸಿದ ಪ್ರತಿ, ನಿಮ್ಮ ಪಾಲಿಗೆ ಬಂದ ಹಣ, ಈ ಮೂರನ್ನೂ ಹೋಲಿಸಿ. ರೂಪಾಯಿಯಲ್ಲಿ ಕೊಂಡು ಬೇರೆ ದೇಶದಿಂದ ಆಡಿದವರ ಸಂಖ್ಯೆ ಸಿಗುವುದಾದರೆ ಅದನ್ನೂ ನೋಡಿ, ಆಗ ಆ ಭಯದ ತೂಕವೂ ಗೊತ್ತಾಗುತ್ತದೆ. ಆ ಅಂಕಿಗಳನ್ನು ಪ್ರಕಟಿಸಿದರೆ ನಮ್ಮ ಲೆಕ್ಕ ಎಲ್ಲಿ ತಪ್ಪಿದೆಯೆಂದು ನೋಡಿಕೊಳ್ಳಲು ನಾವೂ ತಯಾರಿದ್ದೇವೆ.

ಇತಿ,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕೆಲವು ಕಂಪ್ಯೂಟರ್ ರಿಪೇರಿಯವರು, ಗೇಮಿಂಗ್ ಸೆಂಟರ್ ನಡೆಸುವವರು